ಎರಡನೆಯ ಸಾಲಿನ ಅಂಗಣಗಳು: ಅಮೆರಿಕದ ಸಣ್ಣ ಬಾಸ್ಕೆಟ್‌ಬಾಲ್ ಲೀಗ್‌ಗಳಲ್ಲಿ ಪ್ರತಿಭೆ ಮತ್ತು ನ್ಯಾಯ



ಕ್ರೀಡೆಯ ಹೆಸರಿನಲ್ಲಿ ಇಟ್ಟ ದತ್ತಿಯ ಉಪನ್ಯಾಸದಲ್ಲಿ ಗೆದ್ದವರ ಕಥೆ ಹೇಳುವುದು ವಾಡಿಕೆ. ಈ ಸಲ ನಾನು ಗೆದ್ದವರ ಪಕ್ಕದಲ್ಲೇ ನಿಂತಿದ್ದು ಹೆಸರು ಸಿಗದೆ ಹೋದವರ ಬಗ್ಗೆ ಮಾತಾಡಲು ಬಂದಿದ್ದೇನೆ. ಅಮೆರಿಕದ ಎನ್‌ಬಿಎ ನಮ್ಮ ಹೈಸ್ಕೂಲು ಹುಡುಗರಿಗೂ ಗೊತ್ತು. ಅದರ ಕೆಳಗೆ ಸುಮಾರು ಎಂಬತ್ತು ವರ್ಷಗಳಿಂದ ಸಣ್ಣ ವೃತ್ತಿಪರ ಲೀಗ್‌ಗಳು ಹುಟ್ಟುತ್ತಾ, ದಿವಾಳಿಯಾಗುತ್ತಾ, ಹೆಸರು ಬದಲಿಸಿಕೊಂಡು ಮತ್ತೆ ಏಳುತ್ತಾ ಬಂದಿವೆ: ಈಸ್ಟರ್ನ್ ಲೀಗ್, ಸಿಬಿಎ, ವರ್ಲ್ಡ್ ಬಾಸ್ಕೆಟ್‌ಬಾಲ್ ಲೀಗ್, ಹಳೆಯ ಹೆಸರಿನಲ್ಲಿ ಹೊಸದಾಗಿ ಬಂದ ಎಬಿಎ, ಈಗಿನ ಜಿ ಲೀಗ್. ಇವುಗಳಲ್ಲಿ ಯಾವುದರ ಮಟ್ಟ ಹೆಚ್ಚು, ಯಾವುದರದು ಕಡಿಮೆ ಎಂಬ ವಾದ ಅಭಿಮಾನಿಗಳ ನಡುವೆ ನಡೆಯುತ್ತಲೇ ಇರುತ್ತದೆ. ಒಬ್ಬರು ಅಂಕಿಅಂಶ ತೆಗೆಯುತ್ತಾರೆ, ಇನ್ನೊಬ್ಬರು ಅಲ್ಲಿಂದ ಮೇಲಕ್ಕೆ ಹೋದವರ ಹೆಸರು ಎಣಿಸುತ್ತಾರೆ.

ಈ ಎರಡೂ ಅಳತೆ ನನಗೆ ಸಾಲುವುದಿಲ್ಲ. ಸಣ್ಣ ಲೀಗಿನಲ್ಲಿ ಎಷ್ಟು ಪ್ರತಿಭೆ ಇದೆ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಅದರ ಮೇಲಿರುವ ಲೀಗು. ಅಲ್ಲಿ ಎಷ್ಟು ಜನಕ್ಕೆ ಕೆಲಸ ಸಿಕ್ಕಿತು, ಯಾರಿಗೆ ಸಿಗಲಿಲ್ಲ, ಯಾವ ಕಾರಣಕ್ಕೆ ಸಿಗಲಿಲ್ಲ? ಇಷ್ಟನ್ನು ಕೇಳದೆ ಮಟ್ಟದ ಮಾತು ಆಡಿದರೆ ಅನ್ಯಾಯವನ್ನೇ ಅಳೆದು ಅದಕ್ಕೆ ಪ್ರತಿಭೆ ಎಂದು ಹೆಸರಿಟ್ಟಂತಾಗುತ್ತದೆ.

ಈಸ್ಟರ್ನ್ ಲೀಗಿನಿಂದ ಶುರುಮಾಡುತ್ತೇನೆ. ಅದು ಹುಟ್ಟಿದ್ದು 1946ರ ಏಪ್ರಿಲ್‌ನಲ್ಲಿ. ಮುಂದೆ ಎನ್‌ಬಿಎ ಆದ ಸಂಸ್ಥೆ ಹುಟ್ಟಿದ್ದು ಅದೇ ವರ್ಷ ಜೂನ್‌ನಲ್ಲಿ. ಎಂದರೆ ವಯಸ್ಸಿನಲ್ಲಿ ಸಣ್ಣ ಲೀಗೇ ಹಿರಿಯದು. ವಿಲ್ಕ್ಸ್-ಬ್ಯಾರಿ, ಹೇಜಲ್‌ಟನ್, ಸ್ಕ್ರ್ಯಾಂಟನ್, ಅಲೆನ್‌ಟೌನ್ ಮೊದಲಾದ ಪೆನ್ಸಿಲ್ವೇನಿಯಾದ ಊರುಗಳು ಅದರ ನೆಲೆ. ಇವುಗಳಲ್ಲಿ ಹಲವು ಕಲ್ಲಿದ್ದಲು ಗಣಿಗಳ ಊರುಗಳು. ಪಂದ್ಯಗಳು ಶನಿವಾರ, ಭಾನುವಾರ. ಸೋಮವಾರ ಬೆಳಗ್ಗೆ ಆಟಗಾರರು ಶಾಲೆಯಲ್ಲಿ ಪಾಠ ಹೇಳಲು, ಕಚೇರಿಯಲ್ಲಿ ಕೂರಲು ಹಿಂದಿರುಗುತ್ತಿದ್ದರು. ಇಷ್ಟು ಕೇಳಿದವರಿಗೆ ಇದು ಹವ್ಯಾಸಿಗಳ ಲೀಗು ಅನ್ನಿಸಬಹುದು.

ಆದರೆ ಆಗಿನ ಎನ್‌ಬಿಎಯ ಲೆಕ್ಕ ನೋಡಿ. 1955ರಿಂದ 1961ರವರೆಗೆ ಅಲ್ಲಿ ಇದ್ದದ್ದು ಎಂಟೇ ತಂಡ. ತಂಡಕ್ಕೆ ಹತ್ತು ಹನ್ನೊಂದು ಜನ. ಇಡೀ ದೇಶಕ್ಕೆ ನೂರು ಉದ್ಯೋಗವೂ ಇರಲಿಲ್ಲ. 1950ರಲ್ಲಿ ಅರ್ಲ್ ಲಾಯ್ಡ್, ಚಕ್ ಕೂಪರ್, ನ್ಯಾಟ್ ಕ್ಲಿಫ್ಟನ್ ಸೇರಿದ ಮೇಲೆ ಕಪ್ಪು ಆಟಗಾರರಿಗೆ ಎನ್‌ಬಿಎ ತೆರೆಯಿತು ಎಂದು ಚರಿತ್ರೆಯ ಪುಸ್ತಕಗಳಲ್ಲಿ ಓದುತ್ತೇವೆ. ಎಷ್ಟು ತೆರೆಯಿತು ಎಂಬುದು ಬೇರೆ ಮಾತು. ಒಂದು ತಂಡದಲ್ಲಿ ಇಷ್ಟೇ ಕಪ್ಪು ಆಟಗಾರರು ಇರಬೇಕು ಎಂಬ ಬರೆಯದ ಕಟ್ಟಳೆ ಬಹಳ ವರ್ಷ ನಡೆಯಿತು. ಆ ಮಿತಿಯ ಆಚೆಗೆ ಉಳಿದವರು ವಾರಾಂತ್ಯದಲ್ಲಿ ಪೆನ್ಸಿಲ್ವೇನಿಯಾದ ಗಣಿ ಊರುಗಳ ಕಡೆಗೆ ಕಾರು ಹತ್ತಿದರು. 1955-56ರಲ್ಲಿ ಹೇಜಲ್‌ಟನ್ ತಂಡ ಪಂದ್ಯದ ಆರಂಭಕ್ಕೆ ಐದೂ ಮಂದಿ ಕಪ್ಪು ಆಟಗಾರರನ್ನು ಇಳಿಸುತ್ತಿತ್ತು. ಎನ್‌ಬಿಎಯಲ್ಲಿ ಅಂಥ ಐವರು ಒಟ್ಟಿಗೆ ಇಳಿದದ್ದು 1964ರ ಡಿಸೆಂಬರ್ 26ರಂದು, ಬಾಸ್ಟನ್ ಸೆಲ್ಟಿಕ್ಸ್ ತಂಡದಲ್ಲಿ. ಅದೂ ಟಾಮ್ ಹೈನ್‌ಸನ್ ಗಾಯಗೊಂಡಿದ್ದರಿಂದ ವಿಲ್ಲಿ ನಾಲ್ಸ್ ಅವರಿಗೆ ಜಾಗ ಸಿಕ್ಕಾಗ. ಕೆಳಗಿನ ಲೀಗು ಮೇಲಿನದಕ್ಕಿಂತ ಹತ್ತಿರ ಹತ್ತಿರ ಒಂದು ದಶಕ ಮುಂದಿತ್ತು.

ಬಣ್ಣದ ಕಾರಣಕ್ಕೆ ಹೊರಗುಳಿದವರ ಜೊತೆಗೆ ಇನ್ನೊಂದು ಗುಂಪೂ ಇತ್ತು. 1951ರಲ್ಲಿ ಕಾಲೇಜು ಬಾಸ್ಕೆಟ್‌ಬಾಲಿನ ಪಂದ್ಯ ಹೊಂದಾಣಿಕೆಯ ಹಗರಣ ಹೊರಬಿದ್ದಾಗ ಎನ್‌ಬಿಎ ಅದರಲ್ಲಿ ಹೆಸರು ಬಂದವರನ್ನೆಲ್ಲ ದೂರವಿಟ್ಟಿತು. ಲಾಂಗ್ ಐಲೆಂಡ್ ವಿಶ್ವವಿದ್ಯಾಲಯದ ಶರ್ಮನ್ ವೈಟ್ ಆಗ ದೇಶದ ಅತ್ಯುತ್ತಮ ಕಾಲೇಜು ಆಟಗಾರರಲ್ಲಿ ಒಬ್ಬರು. ಜೈಲು ಕಂಡು ಬಂದ ಮೇಲೆ ಅವರಿಗೆ ಉಳಿದದ್ದು ಈಸ್ಟರ್ನ್ ಲೀಗು. ಕೆಂಟಕಿಯ ಏಳಡಿ ಎತ್ತರದ ಬಿಲ್ ಸ್ಪೈವಿ ಅವರ ಮೇಲಿನ ಆರೋಪ ನ್ಯಾಯಾಲಯದಲ್ಲಿ ಸಾಬೀತಾಗಲೇ ಇಲ್ಲ. ಆದರೂ ಎನ್‌ಬಿಎ ಅವರನ್ನು ಸೇರಿಸಲಿಲ್ಲ. ತಪ್ಪು ಮಾಡಿದವರನ್ನು ಶಿಕ್ಷಿಸಬಾರದಿತ್ತು ಎಂದು ನಾನು ಹೇಳುತ್ತಿಲ್ಲ. ಆದರೆ ಈ ಇಬ್ಬರೂ ಆಡುತ್ತಿದ್ದ ಲೀಗನ್ನು ಕೇವಲ ಸಂಬಳ ನೋಡಿ ಎರಡನೆಯ ದರ್ಜೆ ಎಂದು ಬರೆದುಬಿಟ್ಟರೆ ಆ ಅಳತೆಯಲ್ಲಿ ಏನೋ ಕೊರತೆ ಇದೆ.

ಕ್ಲಿಯೊ ಹಿಲ್ ಅವರದು ಇನ್ನೂ ನೋವಿನ ಕಥೆ. 1961ರ ಡ್ರಾಫ್ಟ್‌ನಲ್ಲಿ, ಎಂದರೆ ಎನ್‌ಬಿಎ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವಾಗ, ಸೇಂಟ್ ಲೂಯಿಸ್ ಹಾಕ್ಸ್ ತಂಡ ಅವರನ್ನು ಮೊದಲ ಸುತ್ತಿನಲ್ಲೇ ಆರಿಸಿತು. ತಂಡದ ಹಳೆಯ ತಾರೆಯರಿಗೆ ಚೆಂಡು ಹಂಚಿಕೊಳ್ಳುವುದು ಬೇಕಿರಲಿಲ್ಲ. ಹಿಲ್ ಪರ ನಿಂತ ತರಬೇತುದಾರ ಪಾಲ್ ಸೆಮೋರ್ ಕೆಲಸ ಕಳೆದುಕೊಂಡರು. ಒಂದೇ ಋತು ಆಡಿದ ಮೇಲೆ ಹಿಲ್ ಹೊರಬಿದ್ದರು, ಮತ್ತೆಂದೂ ಎನ್‌ಬಿಎಗೆ ಮರಳಲಿಲ್ಲ. ಅವರು ಈಸ್ಟರ್ನ್ ಲೀಗಿನಲ್ಲಿ ಆಡಿದರು. ಇಂಥವರು ಎದುರಾಳಿಯಾಗಿ ಸಿಗುವ ಶನಿವಾರದ ಪಂದ್ಯವನ್ನು ಊಹಿಸಿಕೊಳ್ಳಿ.

ಎರಡು ಲೀಗ್‌ಗಳನ್ನು ಹೋಲಿಸಲು ನಾನು ನಂಬುವ ಅಳತೆ ಒಂದೇ: ಎರಡರಲ್ಲೂ ಆಡಿದ ಒಬ್ಬನೇ ಮನುಷ್ಯ. ಪಾಲ್ ಅರಿಜಿನ್ ಅಂಥವರು. ಫಿಲಡೆಲ್ಫಿಯಾ ವಾರಿಯರ್ಸ್ ತಂಡದ ದೊಡ್ಡ ಆಟಗಾರ. 1961-62ರ ಕೊನೆಯ ಎನ್‌ಬಿಎ ಋತುವಿನಲ್ಲೂ ಪಂದ್ಯಕ್ಕೆ ಸರಾಸರಿ 21.9 ಅಂಕ ಗಳಿಸಿದ್ದರು. ತಂಡ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟಾಗ ಅವರು ಊರು ಬಿಡಲಿಲ್ಲ. ವಾರದ ದಿನ ಐಬಿಎಂನಲ್ಲಿ ಕೆಲಸ, ವಾರಾಂತ್ಯದಲ್ಲಿ ಕ್ಯಾಮ್ಡೆನ್ ಬುಲೆಟ್ಸ್ ಪರವಾಗಿ ಈಸ್ಟರ್ನ್ ಲೀಗು. ಅಲ್ಲಿ ಅವರು ಚೆನ್ನಾಗಿ ಆಡಿದರು, ಋತುವಿನ ಶ್ರೇಷ್ಠ ಆಟಗಾರರೂ ಆದರು. ಆದರೆ ಬೇರೆಯೇ ಆಟ ಆಡುವ ದೈತ್ಯನಂತೆ ಎಲ್ಲರನ್ನೂ ಅಳಿಸಿಹಾಕಲಿಲ್ಲ. ಎದುರಾಳಿಗಳು ಅವರ ಮಟ್ಟಕ್ಕೆ ಹತ್ತಿರದವರೇ ಆಗಿದ್ದರು. ಕೆಳಗಿನಿಂದ ಮೇಲಕ್ಕೆ ಹೋದವರಲ್ಲಿ ಅಲೆನ್‌ಟೌನ್‌ನಲ್ಲಿ ಆಡಿದ ರೇ ಸ್ಕಾಟ್, ಟ್ರೆಂಟನ್‌ನಲ್ಲಿ ಆಡಿದ ಬಾಬ್ ಲವ್ ಇದ್ದಾರೆ. ಲವ್ ಮುಂದೆ ಷಿಕಾಗೊ ಬುಲ್ಸ್ ತಂಡದ ಆಧಾರಸ್ತಂಭವಾದರು.

ಇನ್ನು 1967. ಆ ವರ್ಷ ಎನ್‌ಬಿಎ ಹನ್ನೆರಡು ತಂಡಗಳಾಯಿತು. ಎದುರಾಳಿ ಲೀಗ್ ಎಬಿಎ ಹನ್ನೊಂದು ತಂಡಗಳೊಂದಿಗೆ ಶುರುವಾಯಿತು. ಆರು ವರ್ಷದ ಹಿಂದೆ ನೂರಕ್ಕೂ ಕಡಿಮೆ ಇದ್ದ ಉದ್ಯೋಗ ಇನ್ನೂರೈವತ್ತು ದಾಟಿತು. ಈಸ್ಟರ್ನ್ ಲೀಗಿನ ಒಳ್ಳೆಯವರೆಲ್ಲ ಹೊರಟರು, ಮಟ್ಟ ಕುಸಿಯಿತು. ಅದೇ ಊರುಗಳು, ಅದೇ ಅಂಗಣಗಳು, ಅದೇ ನಿಯಮಗಳು. ಲೀಗು ಒಂದು ತಪ್ಪನ್ನೂ ಮಾಡಿರಲಿಲ್ಲ. ನನ್ನ ವಾದಕ್ಕೆ ಇದಕ್ಕಿಂತ ಗಟ್ಟಿಯಾದ ಆಧಾರ ನನಗೆ ಬೇಕಿಲ್ಲ.

1978ರಲ್ಲಿ ಇದೇ ಲೀಗು ಕಾಂಟಿನೆಂಟಲ್ ಬಾಸ್ಕೆಟ್‌ಬಾಲ್ ಅಸೋಸಿಯೇಷನ್, ಅಂದರೆ ಸಿಬಿಎ ಆಯಿತು. ನನಗೆ ಬಹಳ ಪ್ರಿಯವಾದ ಲೀಗಿದು. ಕಾರಣ ಅದರ ಅಂಕ ಪದ್ಧತಿ. ಒಂದು ಪಂದ್ಯಕ್ಕೆ ಒಟ್ಟು ಏಳು ಅಂಕ: ಪಂದ್ಯ ಗೆದ್ದರೆ ಮೂರು, ನಾಲ್ಕು ಕ್ವಾರ್ಟರ್‌ಗಳಲ್ಲಿ ಪ್ರತಿಯೊಂದನ್ನು ಗೆದ್ದವರಿಗೆ ಒಂದೊಂದು. ಪಂದ್ಯ ಸೋತ ತಂಡವೂ ಮೂರು ಕ್ವಾರ್ಟರ್ ಗೆದ್ದಿದ್ದರೆ ಮೂರು ಅಂಕ ತೆಗೆದುಕೊಂಡು ಹೋಗುತ್ತಿತ್ತು. ಇಪ್ಪತ್ತು ಅಂಕ ಹಿಂದೆ ಬಿದ್ದವರೂ ಕೊನೆಯ ಹನ್ನೆರಡು ನಿಮಿಷ ಕೈಬಿಡುವಂತಿರಲಿಲ್ಲ. ಮುಂದಿರುವವರೂ ಒಳ್ಳೆಯವರನ್ನು ಬೆಂಚಿನಲ್ಲಿ ಕೂರಿಸುವಂತಿರಲಿಲ್ಲ. ಬಾಸ್ಕೆಟ್‌ಬಾಲಿನ ಅಂಕಿಅಂಶವನ್ನು ಕೆಡಿಸುವುದು ಗೆಲುವು ತೀರ್ಮಾನವಾದ ಮೇಲೆ ಆಡುವ ಪೊಳ್ಳು ನಿಮಿಷಗಳು. ಸಿಬಿಎಯಲ್ಲಿ ಅವು ಕಡಿಮೆ. ತಂಡಗಳ ನಡುವಿನ ನಿಜವಾದ ಅಂತರ ಗೊತ್ತಾಗಬೇಕಾದರೆ ಇದಕ್ಕಿಂತ ನ್ಯಾಯವಾದ ಪಟ್ಟಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಅದನ್ನು ಎನ್‌ಬಿಎ ಎತ್ತಿಕೊಳ್ಳದಿರುವುದು ನನಗೆ ಇಂದಿಗೂ ಬೇಸರದ ಸಂಗತಿ.

ಅಲ್ಲಿನ ತರಬೇತುದಾರರನ್ನು ನೋಡಿ. ಫಿಲ್ ಜಾಕ್ಸನ್ 1984ರಲ್ಲಿ ಆಲ್ಬನಿ ಪೇಟ್ರೂನ್ಸ್ ತಂಡಕ್ಕೆ ಪ್ರಶಸ್ತಿ ಗೆದ್ದುಕೊಟ್ಟರು. ಬಿಲ್ ಮಸಲ್‌ಮನ್ ಸತತ ನಾಲ್ಕು ಪ್ರಶಸ್ತಿ ಗೆದ್ದರು. ಫ್ಲಿಪ್ ಸಾಂಡರ್ಸ್, ಜಾರ್ಜ್ ಕಾರ್ಲ್ ಇಲ್ಲೇ ಪಳಗಿದವರು. ಕಾರ್ಲ್ ಅವರ ಆಲ್ಬನಿ ತಂಡ 1990-91ರಲ್ಲಿ 56 ಪಂದ್ಯಗಳಲ್ಲಿ 50 ಗೆದ್ದಿತು, ತವರಿನಲ್ಲಿ ಒಂದನ್ನೂ ಸೋಲಲಿಲ್ಲ. ಆದರೂ ಪ್ರಶಸ್ತಿ ವಿಚಿಟಾ ಫಾಲ್ಸ್ ಪಾಲಾಯಿತು. ಆ ಋತುವಿನ ನಡುವೆಯೇ ಆಲ್ಬನಿಯ ಮಾರಿಯೊ ಎಲಿ ಅವರನ್ನು ಎನ್‌ಬಿಎ ಕರೆದುಕೊಂಡಿತ್ತು. ಎಲಿ ಮುಂದೆ ಹ್ಯೂಸ್ಟನ್, ಸ್ಯಾನ್ ಆಂಟೋನಿಯೊ ತಂಡಗಳಲ್ಲಿ ಒಟ್ಟು ಮೂರು ಎನ್‌ಬಿಎ ಪ್ರಶಸ್ತಿ ಗೆದ್ದರು. ಆಟಗಾರನಿಗೆ ಇಂಥ ಕರೆ ಭಾಗ್ಯ, ಬಿಟ್ಟುಹೋದ ತಂಡಕ್ಕೆ ಅನ್ಯಾಯ. ಎನ್‌ಬಿಎಯ ಕ್ರಮ ಹೀಗೆ: ಜನವರಿಯಿಂದ ಹತ್ತು ದಿನದ ಒಪ್ಪಂದ ಕೊಟ್ಟು ಕರೆಸಿಕೊಳ್ಳುವುದು, ಬೇಕಿದ್ದರೆ ಇನ್ನೊಂದು ಹತ್ತು ದಿನ, ಆಮೇಲೆ ಋತು ಮುಗಿಯುವವರೆಗೆ ಇಟ್ಟುಕೊಳ್ಳಬೇಕು ಇಲ್ಲವೆ ಬಿಡಬೇಕು. ಎರಡನೆಯ ಸಾಲಿನಲ್ಲಿ ಒಳ್ಳೆಯ ತಂಡ ಕಟ್ಟಿದವನಿಗೆ ಸಿಗುವ ಬಹುಮಾನ ಆ ತಂಡ ಒಡೆಯುವುದೇ.

ಮೇಲಕ್ಕೆ ಹೋದವರು ಉಳಿದವರಿಗಿಂತ ಎಷ್ಟು ಹೆಚ್ಚಿನವರು? ಜಾನ್ ಸ್ಟಾರ್ಕ್ಸ್ ಅವರ ವಿಷಯ ಹೇಳುತ್ತೇನೆ. 1988ರ ಡ್ರಾಫ್ಟ್‌ನಲ್ಲಿ ಯಾರೂ ಆರಿಸಲಿಲ್ಲ. ಅದಕ್ಕೂ ಮೊದಲು ಸೂಪರ್ ಮಾರ್ಕೆಟ್ಟಿನಲ್ಲಿ ಸಾಮಾನು ಚೀಲಕ್ಕೆ ತುಂಬುವ ಕೆಲಸ ಮಾಡಿದ್ದವರು. ಗೋಲ್ಡನ್ ಸ್ಟೇಟ್‌ನಲ್ಲಿ ಒಂದು ಋತು ಸ್ವಲ್ಪ ಆಡಿ ಹೊರಬಿದ್ದರು. ಸಿಬಿಎಯ ಸೀಡರ್ ರಾಪಿಡ್ಸ್, ಬೇಸಿಗೆಯ ವರ್ಲ್ಡ್ ಬಾಸ್ಕೆಟ್‌ಬಾಲ್ ಲೀಗಿನ ಮೆಂಫಿಸ್ ತಂಡ ಸುತ್ತಿ 1990ರಲ್ಲಿ ನ್ಯೂಯಾರ್ಕ್ ನಿಕ್ಸ್ ಶಿಬಿರಕ್ಕೆ ಹೋದರು. ಅಭ್ಯಾಸದಲ್ಲಿ ಪ್ಯಾಟ್ರಿಕ್ ಯುವಿಂಗ್ ಮೇಲೆ ಹಾರಿ ಡಂಕ್ ಮಾಡಲು ಹೋದಾಗ ಯುವಿಂಗ್ ಅವರನ್ನು ಕೆಳಕ್ಕೆ ಕೆಡವಿದರು. ಮಂಡಿಗೆ ಪೆಟ್ಟಾಯಿತು. ಗಾಯಗೊಂಡವನನ್ನು ಡಿಸೆಂಬರ್ ಕೊನೆಯೊಳಗೆ ಗುಣವಾಗದ ಹೊರತು ತೆಗೆದುಹಾಕುವಂತಿಲ್ಲ ಎಂಬ ನಿಯಮ ಅವರನ್ನು ತಂಡದಲ್ಲಿ ಉಳಿಸಿತು. 1994ರಲ್ಲಿ ಅವರು ಆಲ್ ಸ್ಟಾರ್ ಆದರು. ಮಂಡಿ ಗಟ್ಟಿಯಾಗಿದ್ದಿದ್ದರೆ ಅವರು ಸೀಡರ್ ರಾಪಿಡ್ಸ್‌ಗೆ ಮರಳಿ, ನಾವು ಹೆಸರು ಕೇಳದ ಆಟಗಾರನಾಗಿ ಉಳಿಯುವ ಸಾಧ್ಯತೆಯೇ ಹೆಚ್ಚಿತ್ತು. ಎನ್‌ಬಿಎಯ ಹತ್ತನೆಯ ಆಟಗಾರನಿಗೂ ಸಿಬಿಎಯ ಮೊದಲ ಆಟಗಾರನಿಗೂ ನಡುವೆ ಇದ್ದ ಅಂತರ ಎಷ್ಟೋ ಸಲ ಒಂದು ಮಂಡಿಯಷ್ಟೇ.

ಸಿಬಿಎಯನ್ನು 1999ರಲ್ಲಿ ಐಸಾಯಾ ಥಾಮಸ್ ಇಡಿಯಾಗಿ ಕೊಂಡರು. ಎನ್‌ಬಿಎ ಕೊಳ್ಳಲು ಮುಂದೆ ಬಂದಾಗ ಕೊಡಲಿಲ್ಲ. ಬಳಿಕ ತಾವೇ ಎನ್‌ಬಿಎ ತಂಡವೊಂದರ ತರಬೇತುದಾರರಾದರು. 2001ರ ಫೆಬ್ರುವರಿಯಲ್ಲಿ ಋತುವಿನ ಮಧ್ಯದಲ್ಲೇ ಲೀಗು ನಿಂತಿತು. ಅದೇ ಹೆಸರಿನಲ್ಲಿ ಮತ್ತೆ ಎದ್ದು 2009ರವರೆಗೆ ಎಳೆಯಿತು, ಆದರೆ ಹಳೆಯ ಬಲ ಬರಲಿಲ್ಲ.

ವರ್ಲ್ಡ್ ಬಾಸ್ಕೆಟ್‌ಬಾಲ್ ಲೀಗಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. 1988ರಲ್ಲಿ ಶುರುವಾದ ಅದರಲ್ಲಿ ಆರು ಅಡಿ ಐದು ಇಂಚಿಗಿಂತ ಎತ್ತರದವರಿಗೆ ಪ್ರವೇಶ ಇರಲಿಲ್ಲ. 1991ರಲ್ಲಿ ಮಿತಿಯನ್ನು ಆರು ಅಡಿ ಏಳು ಇಂಚಿಗೆ ಏರಿಸಿದರು. ಎತ್ತರ ಕಡಿಮೆ ಇರುವವರಿಗೆ ನ್ಯಾಯ ಒದಗಿಸುವ ಆಸೆ ಅದರಲ್ಲಿತ್ತು. ಚೆಂಡು ನಿಭಾಯಿಸುವ ಕೌಶಲ ನೋಡಲು ಚೆನ್ನಾಗಿತ್ತು. ಆದರೆ ಪ್ರವಾಸಕ್ಕೆ ಬಂದ ವಿದೇಶಿ ತಂಡಗಳ ವಿರುದ್ಧದ ಪಂದ್ಯಗಳನ್ನೂ ಅಂಕಪಟ್ಟಿಗೆ ಸೇರಿಸುತ್ತಿದ್ದರು. ಯಾರಿಗೆ ದುರ್ಬಲ ಅತಿಥಿ ಸಿಕ್ಕರು, ಯಾರಿಗೆ ಬಲಿಷ್ಠರು ಸಿಕ್ಕರು ಎಂಬುದರ ಮೇಲೆ ಸ್ಥಾನ ಬದಲಾಗುತ್ತಿತ್ತು. 1992ರ ಆಗಸ್ಟ್‌ನಲ್ಲಿ ಲೀಗು ಮುಚ್ಚಿತು. ಅದರ ಹಿಂದಿದ್ದ ಮಿಕ್ಕಿ ಮೋನಸ್ ತಮ್ಮ ಫಾರ್-ಮೋರ್ ಔಷಧ ಮಳಿಗೆಗಳ ಸುಮಾರು ಒಂದು ಕೋಟಿ ಡಾಲರ್‌ಗಳನ್ನು ಅಕ್ರಮವಾಗಿ ಇದಕ್ಕೆ ಸುರಿದಿದ್ದರು. 2000ದಲ್ಲಿ ಹಳೆಯ ಹೆಸರಿನಲ್ಲಿ ಬಂದ ಎಬಿಎಯಲ್ಲಿ ಹಣ ಕೊಟ್ಟವರಿಗೆಲ್ಲ ತಂಡ ಸಿಗುತ್ತಿತ್ತು. ಕೆಲವು ತಂಡ ಋತುವಿನ ನಡುವೆ ಮಾಯವಾಗುತ್ತಿದ್ದವು, ಎಲ್ಲರೂ ಸಮ ಸಂಖ್ಯೆಯ ಪಂದ್ಯ ಆಡುತ್ತಿರಲಿಲ್ಲ. ಹಾಗಾಗಿ ಗೆಲುವು ಸೋಲಿನ ಪಟ್ಟಿ ಬಿಟ್ಟು ಬಲಾಬಲದ ಶ್ರೇಯಾಂಕ ಮಾಡಬೇಕಾಯಿತು. ಅಲ್ಲಿ ಒಳ್ಳೆಯ ಆಟಗಾರರು ಇರಲಿಲ್ಲವೆಂದಲ್ಲ. ಒಳ್ಳೆಯವರು ಯಾರು ಎಂದು ತಿಳಿಯುವ ದಾರಿಯೇ ಇರಲಿಲ್ಲ.

ಈಗಿನ ಜಿ ಲೀಗು 2001ರ ನವೆಂಬರ್‌ನಲ್ಲಿ ಎಂಟು ತಂಡಗಳಿಂದ ಆರಂಭವಾದದ್ದು, ಎನ್‌ಬಿಎಯದೇ ಸ್ವಂತ ಸಂಸ್ಥೆ. 2017ರಲ್ಲಿ ಪಾನೀಯ ಕಂಪನಿ ಗೇಟರೇಡ್‌ನ ಹೆಸರು ಹೊತ್ತಿತು. ಕೌಶಲ, ದೇಹಬಲ, ವೇಗ ಯಾವುದರಿಂದ ನೋಡಿದರೂ ಎನ್‌ಬಿಎ ಕೆಳಗೆ ಅಮೆರಿಕದಲ್ಲಿ ಇದುವರೆಗೆ ನಡೆದ ಲೀಗ್‌ಗಳಲ್ಲಿ ಇದರ ಮಟ್ಟ ಮೇಲಿನದು ಎಂದು ನಾನು ಒಪ್ಪುತ್ತೇನೆ. ಪಾಸ್ಕಲ್ ಸಿಯಾಕಮ್ 2017ರಲ್ಲಿ ರ‍್ಯಾಪ್ಟರ್ಸ್ 905 ತಂಡಕ್ಕೆ ಇಲ್ಲಿ ಪ್ರಶಸ್ತಿ ಗೆದ್ದು, ಎರಡೇ ವರ್ಷದಲ್ಲಿ ಎನ್‌ಬಿಎ ಪ್ರಶಸ್ತಿ ಗೆದ್ದ ಟೊರಾಂಟೊ ತಂಡದ ಮುಂಚೂಣಿಯಲ್ಲಿದ್ದರು. ಅಲೆಕ್ಸ್ ಕರೂಸೊ ಇಲ್ಲಿಂದಲೇ ಹೋಗಿ ಲೇಕರ್ಸ್, ಥಂಡರ್ ಎರಡರಲ್ಲೂ ಪ್ರಶಸ್ತಿ ಕಂಡರು.

ಆದರೆ ಸ್ಪರ್ಧೆಯಾಗಿ ನೋಡಿದರೆ ಇದೇ ನನಗೆ ಅತ್ಯಂತ ಕಡಿಮೆ ನ್ಯಾಯದ ಲೀಗು. ಯಾರು ಎಷ್ಟು ಹೊತ್ತು ಆಡಬೇಕು ಎಂಬುದರಲ್ಲಿ ಮೇಲಿನ ತಂಡದ ಮಾತು ನಡೆಯುತ್ತದೆ. ಸೋತರೂ ಪರವಾಗಿಲ್ಲ, ನಮ್ಮ ಹುಡುಗ ಬೆಳೆಯಬೇಕು ಎಂಬುದು ಅದರ ಉದ್ದೇಶ. ಪ್ಲೇಆಫ್‌ನ ಮೊದಲ ಸುತ್ತುಗಳು ಒಂದೊಂದೇ ಪಂದ್ಯದವು. ಇಡೀ ಋತುವಿನ ದುಡಿಮೆ ಒಂದು ಕೆಟ್ಟ ಸಂಜೆಯಲ್ಲಿ ಮುಗಿಯಬಹುದು. ಸಂಬಳದ ಮಾತಂತೂ ಕೇಳಲೇಬೇಕು. 2024-25ರಲ್ಲಿ ಜಿ ಲೀಗಿನ ಸಾಮಾನ್ಯ ಒಪ್ಪಂದದವನಿಗೆ ಋತುವಿಗೆ 43 ಸಾವಿರ ಡಾಲರ್. ಅವನ ಪಕ್ಕದಲ್ಲೇ ಆಡುವ, ಎನ್‌ಬಿಎಗೂ ಜಿ ಲೀಗಿಗೂ ಸೇರಿದ ಟೂ-ವೇ ಒಪ್ಪಂದದವನಿಗೆ ಸುಮಾರು 5 ಲಕ್ಷ 78 ಸಾವಿರ. ಕೆಲವು ದಿನಕ್ಕೆಂದು ಮೇಲಿನಿಂದ ಇಳಿದುಬಂದ ಹೊಸಬನಿಗೆ ಕನಿಷ್ಠ 11 ಲಕ್ಷದ ಮೇಲೆ. ಮೂವರೂ ಒಂದೇ ಬಸ್ಸಿನಲ್ಲಿ ಬರುತ್ತಾರೆ, ಒಂದೇ ಅಂಗಣದಲ್ಲಿ ಓಡುತ್ತಾರೆ. 43 ಸಾವಿರದವನು ಆ ರಾತ್ರಿ ಉಳಿದಿಬ್ಬರಿಗಿಂತ ಚೆನ್ನಾಗಿ ಆಡಿದರೂ ಸಂಬಳ ಬದಲಾಗುವುದಿಲ್ಲ.

ಅಂಕಿಅಂಶದ ಹೋಲಿಕೆ ಇಲ್ಲಿ ಇನ್ನೊಂದು ಕಡೆಯಿಂದಲೂ ಕೈಕೊಡುತ್ತದೆ. ಜಿ ಲೀಗಿನಲ್ಲಿ ಪಂದ್ಯಕ್ಕೆ 25 ಅಂಕ ಗಳಿಸುವವನ ಕೈಯಲ್ಲಿ ಸದಾ ಚೆಂಡಿರುತ್ತದೆ. ಮೇಲಕ್ಕೆ ಹೋದರೆ ಅವನ ಕೆಲಸ ಮೂಲೆಯಲ್ಲಿ ನಿಂತು ಕಾಯುವುದು, ಎದುರಾಳಿಯ ಅತ್ಯುತ್ತಮ ಆಟಗಾರನನ್ನು ತಡೆಯುವುದು, ಪಂದ್ಯಕ್ಕೆ ನಾಲ್ಕು ಸಲ ಚೆಂಡು ಎಸೆಯುವುದು. ಕೆಳಗೆ ಅವನನ್ನು ಮೆರೆಸಿದ ಗುಣಕ್ಕೆ ಮೇಲೆ ಬೆಲೆಯಿಲ್ಲ. ಕೆಳಗೆ 9 ಅಂಕ ಗಳಿಸಿ ರಕ್ಷಣೆಯಲ್ಲಿ ಜಾಣನಾಗಿರುವವನಿಗೆ ಮೇಲೆ ಕೆಲಸ ಉಂಟು. ಲೀಗಿನ ಮಟ್ಟ ನೋಡಬೇಕೆಂದರೆ ನಾನು ಅಂಕ ಗಳಿಕೆಯ ಪಟ್ಟಿ ನೋಡುವುದಿಲ್ಲ. ಬೆಂಚಿನಿಂದ ಎಂಟನೆಯವನಾಗಿ, ಒಂಬತ್ತನೆಯವನಾಗಿ ಎದ್ದು ಬರುವವರು ಹೇಗೆ ಆಡುತ್ತಾರೆ ಎಂದು ನೋಡುತ್ತೇನೆ. ದುರ್ಬಲ ಲೀಗಿನಲ್ಲಿ ಅವರು ಬಂದ ಕೂಡಲೇ ಆಟ ಸಡಿಲವಾಗುತ್ತದೆ.

ಎನ್‌ಬಿಎ ಕರೆಯುವ ಮೊದಲು ಆಂಡ್ರೆ ಇಂಗ್ರಾಮ್ ಹತ್ತು ವರ್ಷ ಈ ಲೀಗಿನಲ್ಲಿದ್ದರು. ಅಮೆರಿಕನ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದಿದವರು. ಸಂಬಳ ಸಾಲದೆ ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದರು. 2018ರ ಏಪ್ರಿಲ್‌ನಲ್ಲಿ, 32ನೆಯ ವಯಸ್ಸಿನಲ್ಲಿ, ಲೇಕರ್ಸ್ ತಂಡ ಋತುವಿನ ಕೊನೆಯ ಎರಡು ಪಂದ್ಯಕ್ಕೆ ಅವರನ್ನು ಕರೆಸಿತು. ಏಪ್ರಿಲ್ 10ರಂದು ಹ್ಯೂಸ್ಟನ್ ವಿರುದ್ಧ ಅವರು 19 ಅಂಕ ಗಳಿಸಿದರು. ಮೂರು ಅಂಕದ ಐದು ಎಸೆತಗಳಲ್ಲಿ ನಾಲ್ಕು ಬುಟ್ಟಿಗೆ ಬಿದ್ದವು. ಪ್ರೇಕ್ಷಕರು ಎದ್ದು ನಿಂತು ಕೂಗಿದರು, ಪತ್ರಿಕೆಗಳು ಕನಸು ನನಸಾಯಿತು ಎಂದು ಬರೆದವು. ನನಗೆ ಆ ಸಂತೋಷದ ಜೊತೆಗೆ ಸಿಟ್ಟೂ ಬಂದಿತ್ತು. 32ರಲ್ಲಿ ಹೀಗೆ ಎಸೆಯಬಲ್ಲವರು 26ರಲ್ಲೂ ಎಸೆಯಬಲ್ಲವರಾಗಿದ್ದರಲ್ಲವೆ? ಅದಕ್ಕೆ ಹಿಂದಿನ ಹತ್ತು ವರ್ಷಗಳ ಎಸೆತಗಳು ಸಾವಿರಾರು ಕಣ್ಣುಗಳ ಮುಂದೆಯೇ ನಡೆದಿದ್ದವು.

ನಮ್ಮ ಕಡೆಯ ಒಂದು ಮಾತು. ಸತ್ನಾಮ್ ಸಿಂಗ್ ಅವರನ್ನು 2015ರಲ್ಲಿ ಡಲ್ಲಾಸ್ ತಂಡ ಆರಿಸಿದಾಗ ನಾವೆಲ್ಲ ಸಂಭ್ರಮಿಸಿದೆವು. ಅವರು ಆಡಿದ್ದು ಈ ಕೆಳಗಿನ ಲೀಗಿನ ಟೆಕ್ಸಸ್ ಲೆಜೆಂಡ್ಸ್ ತಂಡದಲ್ಲಿ; ಎನ್‌ಬಿಎ ಪಂದ್ಯಕ್ಕೆ ಇಳಿಯಲಿಲ್ಲ. ಭಾರತದಲ್ಲಿ ಬಾಸ್ಕೆಟ್‌ಬಾಲ್ ಆಟಗಾರನ ಅನ್ನ ಬಹುಕಾಲ ಲೀಗಿನಿಂದ ಬಂದದ್ದಲ್ಲ, ರೈಲ್ವೆ, ಒಎನ್‌ಜಿಸಿ, ಬ್ಯಾಂಕುಗಳ ನೌಕರಿಯಿಂದ ಬಂದದ್ದು. ಬೆಂಗಳೂರಿನಲ್ಲಿ ವಿಜಯಾ ಬ್ಯಾಂಕ್ ತಂಡದ ಆಟ ನೋಡಿದವರು ಈ ಸಭೆಯಲ್ಲಿ ಇದ್ದೀರಿ. ಹಗಲು ಕೌಂಟರಿನ ಹಿಂದೆ, ಸಂಜೆ ಅಂಗಣದಲ್ಲಿ ಇದ್ದವರ ಆಟವನ್ನು ಅಮೆಚೂರ್ ಎಂದು ತಳ್ಳಿಹಾಕಲು ನಿಮಗೆ ಮನಸ್ಸು ಬರಲಾರದು. ಅದೇ ಕಣ್ಣಿನಿಂದ ಐಬಿಎಂನಿಂದ ಕ್ಯಾಮ್ಡೆನ್‌ಗೆ ಹೋಗುತ್ತಿದ್ದ ಅರಿಜಿನ್ ಅವರನ್ನೂ ನೋಡಬೇಕು.

ಕೊನೆಯದಾಗಿ ಪಿಂಚಣಿಯ ವಿಷಯ. ಎನ್‌ಬಿಎ ಪಿಂಚಣಿಗೆ ಮೂರು ವರ್ಷದ ಸೇವೆ ಬೇಕು. ಇಂಗ್ರಾಮ್ ಅಲ್ಲಿ ಆಡಿದ್ದು ಎರಡು ಋತುಗಳಲ್ಲಿ ಒಟ್ಟು ಆರು ಪಂದ್ಯ. ಜಿ ಲೀಗಿನ ಆಟಗಾರರು ಸಂಘ ಕಟ್ಟಿಕೊಂಡದ್ದೇ 2020ರಲ್ಲಿ. ಹಳೆಯ ಎಬಿಎ 1976ರಲ್ಲಿ ಮುಚ್ಚಿ ಅದರ ನಾಲ್ಕು ತಂಡಗಳು ಎನ್‌ಬಿಎ ಸೇರಿದವು. ಉಳಿದ ತಂಡಗಳ ಆಟಗಾರರಲ್ಲಿ ಅನೇಕರು ಮುಪ್ಪಿನಲ್ಲಿ ಕಷ್ಟಪಟ್ಟರು. ಅವರಿಗಾಗಿ ಎನ್‌ಬಿಎ ಮತ್ತು ಆಟಗಾರರ ಸಂಘ ಸೇರಿ 2 ಕೋಟಿ 45 ಲಕ್ಷ ಡಾಲರ್ ತೆಗೆದಿಟ್ಟದ್ದು 2022ರಲ್ಲಿ, 46 ವರ್ಷದ ಮೇಲೆ. ಅಷ್ಟರಲ್ಲಿ ಎಷ್ಟೋ ಜನ ತೀರಿಕೊಂಡಿದ್ದರು. ಆ ನಿಧಿ ಎಬಿಎಯವರಿಗೆ ಮಾತ್ರ. ಈಸ್ಟರ್ನ್ ಲೀಗಿನಲ್ಲಿ, ಸಿಬಿಎಯಲ್ಲಿ ಆಡಿದ ವರ್ಷಗಳು ಅದರ ಲೆಕ್ಕಕ್ಕೆ ಬರುವುದಿಲ್ಲ. ಒಂದು ದಿನವಾದರೂ ಎನ್‌ಬಿಎ ಅಂಗಿ ತೊಟ್ಟವರಿಗೆ ಕೆಳಗಿನ ಲೀಗಿನಲ್ಲಿ ಕಳೆದ ಎರಡು ವರ್ಷವನ್ನು ಒಂದು ವರ್ಷದ ಸೇವೆ ಎಂದು ಎಣಿಸಬೇಕು ಎಂಬುದು ನನ್ನ ಕೋರಿಕೆ. ಹಾಗೆ ಎಣಿಸಿದರೆ ಇಂಗ್ರಾಮ್ ಅವರ ಹತ್ತು ವರ್ಷ ಐದಾಗುತ್ತದೆ, ಅವರಿಗೆ ಪಿಂಚಣಿ ಸಿಗುತ್ತದೆ. ಕ್ಲಿಯೊ ಹಿಲ್ ಅವರಂಥವರ ಕುಟುಂಬಗಳ ಅರ್ಜಿಯನ್ನೂ ಆಗ ತೆಗೆದು ನೋಡಬೇಕಾಗುತ್ತದೆ.